ಗಾಜಿನ ಪೆಟ್ಟಿಗೆಯೊಳಗಿನ ದಸರಾ

ದೀಪಾಲಂಕಾರದ ವಿಷಯದಲ್ಲಿ ಮೈಸೂರಿನವರಿಗೆ ಸ್ವಲ್ಪ ಬಿಗುಮಾನ ಇದ್ದೇ ಇದೆ. ಭಾನುವಾರದ ಸಂಜೆ ಅರಮನೆಯ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳು ಒಟ್ಟಿಗೇ ಹೊತ್ತಿಕೊಂಡಾಗ ನೆರೆದ ಜನರ ಬಾಯಿಂದ ಹೊರಡುವ ‘ಹಾ!’ ಎಂಬ ಉದ್ಗಾರವನ್ನು ಕೇಳುತ್ತಲೇ ಬೆಳೆದವರು ನಾವು. ಆದ್ದರಿಂದ ಎರಡು ವರ್ಷದ ಕೆಳಗೆ ನನ್ನ ಮಗ ಹೊಸ ಕಂಪ್ಯೂಟರಿನ ಗುಂಡಿ ಒತ್ತಿ, “ಅಮ್ಮಾ, ಬೇಗ ಬಾ, ನೋಡು ಬಾ” ಎಂದು ಕೂಗಿದಾಗ, ಒಗ್ಗರಣೆ ಸೌಟನ್ನು ಹಿಡಿದೇ ಹೋದ ನಾನು ಅನುಭವಸ್ಥ ಪ್ರೇಕ್ಷಕಿಯ ಗತ್ತಿನಿಂದಲೇ ನೋಡಿದೆ.

ಮೇಜಿನ ಮೇಲೆ ಮೀನಿನ ತೊಟ್ಟಿಯಂಥ ಒಂದು ಪೆಟ್ಟಿಗೆ. ಅದಕ್ಕೆ ಕ್ಯಾಬಿನೆಟ್ ಎನ್ನುತ್ತಾರೆ. ಮುಂದುಗಡೆ ಗಾಜು, ಎಡಗಡೆ ಗಾಜು. ಒಳಗೆ ಆರು ಫ್ಯಾನುಗಳು: ಮೇಲೆ ಮೂರು, ಪಕ್ಕದ ಗೋಡೆಗೆ ಎರಡು, ಹಿಂದೆ ಒಂದು. ಒಂದೊಂದರ ಸುತ್ತಲೂ ಬೆಳಕಿನ ಬಳೆ. ಅದು ನೇರಳೆಯಿಂದ ಹಸಿರಿಗೆ, ಹಸಿರಿನಿಂದ ಕನಕಾಂಬರಕ್ಕೆ ಜಾರುತ್ತಾ ಇತ್ತು.

“ಒಟ್ಟು ಎಷ್ಟು ಬಣ್ಣ ಬರುತ್ತೋ ಇದರಲ್ಲಿ?”

“1 ಕೋಟಿ 67 ಲಕ್ಷ ಕಣಮ್ಮ.”

ಕೆಂಪು, ಹಸಿರು, ನೀಲಿ ಮೂರನ್ನೂ ತಲಾ 256 ಹಂತಗಳಲ್ಲಿ ಬೆರೆಸಿದರೆ ಅಷ್ಟಾಗುತ್ತದಂತೆ. ಆಮೇಲೆ ನಾನೂ ಗುಣಿಸಿ ನೋಡಿದೆ, ಲೆಕ್ಕ ಸರಿಯಾಗಿಯೇ ಇದೆ. ರೇಷ್ಮೆ ಸೀರೆ ಅಂಗಡಿಯವನಿಗೂ ಇಷ್ಟು ಬಣ್ಣಗಳ ಹೆಸರು ಗೊತ್ತಿರಲಾರದು.

ಹಣ ನನ್ನದು. ನನ್ನದು ಅನ್ನುವುದಕ್ಕಿಂತ ಅವರಪ್ಪನದು. ಅವರು ಹೋದ ಮೇಲೆ ಬಂದ ವಿಮೆಯ ಹಣದಲ್ಲಿ ಒಂದು ಪಾಲು. ನಾನು ಒಂಟಿಯಾಗುತ್ತೇನೆಂದು ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು, ಜಾಹೀರಾತುಗಳಿಗೆ ಚಲಿಸುವ ಚಿತ್ರಗಳನ್ನು ಮನೆಯಲ್ಲೇ ಕೂತು ಮಾಡಿಕೊಡುತ್ತಾನೆ. ಸಂಜೆಯ ತನಕ ಅವನು ಹೂಡಿದ ಲೆಕ್ಕವನ್ನು ಯಂತ್ರ ರಾತ್ರಿಯಿಡೀ ಮಾಡುತ್ತಿರಬೇಕು. ಅಂದರೆ ಆ ಪೆಟ್ಟಿಗೆ ನಮ್ಮ ಮನೆಯ ಅನ್ನದ ಪಾತ್ರೆ.

ಹೋದ ಏಪ್ರಿಲ್ಲಿನಲ್ಲಿ ಪಾತ್ರೆ ಕೈಕೊಟ್ಟಿತು. ಮೈಸೂರಿನ ಬೇಸಿಗೆ ರಾಯಚೂರಿನ ಬೇಸಿಗೆಯಲ್ಲ ನಿಜ, ಆದರೆ ಮಧ್ಯಾಹ್ನ ಕಾದ ತಾರಸಿ ನಡುರಾತ್ರಿಯವರೆಗೂ ಆರುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಮುಗಿಯಬೇಕಾದ ಕೆಲಸ ಅರ್ಧಕ್ಕೂ ಬಂದಿರುತ್ತಿರಲಿಲ್ಲ. ಪ್ರಾಸೆಸರ್ ಎಂಬ ಬಿಲ್ಲೆಗೆ ತನ್ನನ್ನು ತಾನು ಕಾಪಾಡಿಕೊಳ್ಳುವ ಬುದ್ಧಿ ಇದೆ. ಬಿಸಿ 95ರಿಂದ 100 ಡಿಗ್ರಿಯ ಹತ್ತಿರ ಬಂದರೆ ಅನೇಕ ಪ್ರಾಸೆಸರುಗಳು ತಾವೇ ವೇಗ ತಗ್ಗಿಸಿಕೊಳ್ಳುತ್ತವೆ, ತೀರಾ ಮೀರಿದರೆ ಯಂತ್ರವೇ ಆರಿಹೋಗುತ್ತದೆ. ಎರಡು ಸಲ ಕೊಟ್ಟ ಮಾತಿಗೆ ತಪ್ಪಿದ ಮೇಲೆ ಒಬ್ಬ ಗಿರಾಕಿ ಕೈಬಿಟ್ಟ. ಮಗ ಊಟದ ತಟ್ಟೆಯ ಮುಂದೆ ಕೂತು, “ನೀರಿನಿಂದ ತಣ್ಣಗೆ ಮಾಡೋ ಕೂಲರ್ ಹಾಕಿಸಬೇಕಮ್ಮ, ಹನ್ನೆರಡು ಸಾವಿರ ಆಗುತ್ತೆ” ಎಂದ.

ಹನ್ನೆರಡು ಸಾವಿರ! ಬಿ.ಎ., ಬಿ.ಎಡ್. ಮಾಡಿ ಸಮಾಜ ಪಾಠ ಹೇಳುವ ನನಗೆ ಕಂಪ್ಯೂಟರಿನ ಒಳಗು ತಿಳಿಯದು. ಆದರೆ ನಾನು ಹುಟ್ಟಿದ್ದು ತೊಟ್ಟಿ ಮನೆಯಲ್ಲಿ. ನಡುವಿನ ತೊಟ್ಟಿಯಿಂದ ಬಿಸಿಗಾಳಿ ಮೇಲೇರಿ ಹೋಗುತ್ತದೆ, ಕೆಳಗೆ ಕಿಟಕಿ ಬಾಗಿಲುಗಳಿಂದ ತಂಪು ಗಾಳಿ ಒಳಗೆ ಬರುತ್ತದೆ. ಫ್ಯಾನಿಲ್ಲದೆಯೇ ಮನೆ ತಣ್ಣಗಿರುತ್ತಿತ್ತು. ಹಾಗಾಗಿ ನನ್ನ ಪ್ರಶ್ನೆ ಒಂದೇ: “ಇದಕ್ಕೆ ಗಾಳಿ ಎಲ್ಲಿಂದ ಬರುತ್ತೋ?”

“ಆರು ಫ್ಯಾನ್ ಇದೆಯಲ್ಲಮ್ಮ!”

ದೇವರ ಮನೆಯಿಂದ ಒಂದು ಊದುಬತ್ತಿ ಹಚ್ಚಿ ತಂದೆ. ಅದಕ್ಕೇನು ಮೈಸೂರಿನಲ್ಲಿ ಬರವೇ! ಪೆಟ್ಟಿಗೆಯ ಹೊರಗೆ, ಒಂದೊಂದು ಫ್ಯಾನಿನ ಎದುರಿಗೂ ಸ್ವಲ್ಪ ದೂರದಲ್ಲಿ ಹಿಡಿದೆ. ಮೇಲಿನ ಮೂರರ ಎದುರೂ ಹೊಗೆ ಆಚೆಗೆ ಹಾರಿತು. ಹಿಂದಿನದರಲ್ಲೂ ಆಚೆಗೇ. ಪಕ್ಕದ ಎರಡು ಫ್ಯಾನುಗಳ ಹತ್ತಿರ ಹಿಡಿದರೆ ಅಲ್ಲೂ ಆಚೆಗೇ! ಆರಕ್ಕೆ ಆರೂ ಗಾಳಿಯನ್ನು ಹೊರಕ್ಕೆ ದಬ್ಬುತ್ತಿದ್ದವು. ಒಳಗೆ ಎಳೆದುಕೊಳ್ಳುವುದು ಒಂದೂ ಇಲ್ಲ. ಮುಂದುಗಡೆ ಇರಬೇಕಾದ ಜಾಲರಿಯ ಜಾಗದಲ್ಲಿ ಗಾಜು. ಪಾಪ, ಯಂತ್ರ ಸಂದುಗೊಂದುಗಳಿಂದ ಉಸಿರೆಳೆದುಕೊಳ್ಳುತ್ತಿತ್ತು. ಉಸಿರಿನ ಜೊತೆಗೆ ಧೂಳನ್ನೂ. ಮಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. (ಊದುಬತ್ತಿಯ ಪರೀಕ್ಷೆಯನ್ನು ಒಂದೆರಡು ನಿಮಿಷಕ್ಕೆ ಮುಗಿಸಿ. ಹೊಗೆ ಯಂತ್ರದ ಒಳಗೆ ಹೋಗುವುದು ಒಳ್ಳೆಯದಲ್ಲ.)

ಹೀಗೇಕಾಯಿತು ಎಂಬುದರಲ್ಲೇ ನನ್ನ ತಕರಾರು ಇರುವುದು. ಫ್ಯಾನಿಗೆ ಮುಖ ಮತ್ತು ಬೆನ್ನು ಇರುತ್ತವೆ. ರೆಕ್ಕೆಗಳು ತೆರೆದು ಕಾಣುವ ಚಂದದ ಮುಖದಿಂದ ಗಾಳಿ ಒಳಕ್ಕೆ ಬರುತ್ತದೆ. ಅಡ್ಡಪಟ್ಟಿಗಳೂ ಕಂಪನಿಯ ಚೀಟಿಯೂ ಇರುವ ಬೆನ್ನಿನ ಕಡೆಯಿಂದ ಹೊರಕ್ಕೆ ಹೋಗುತ್ತದೆ. ಪಕ್ಕದ ಗೋಡೆಯ ಫ್ಯಾನು ಗಾಳಿಯನ್ನು ಒಳಗೆ ತರಬೇಕಾದರೆ ಅದರ ಬೆನ್ನು ನಮ್ಮ ಕಡೆ, ಗಾಜಿನ ಕಡೆ, ಕಾಣಬೇಕು. ಬೆನ್ನು ಚೆನ್ನಾಗಿಲ್ಲ. ಆದ್ದರಿಂದ ಜೋಡಿಸಿಕೊಟ್ಟವರು ಮುಖವನ್ನು ನಮ್ಮ ಕಡೆ ತಿರುಗಿಸಿದರು, ಗಾಳಿಯ ದಾರಿಯೂ ತಿರುಗಿತು. ಈ ತೊಂದರೆ ಕಂಪನಿಗಳಿಗೂ ಗೊತ್ತಿದೆ ನೋಡಿ. ಅದಕ್ಕೇ ರೆಕ್ಕೆಯನ್ನು ತಿರುವುಮುರುವಾಗಿ ಮಾಡಿದ ಫ್ಯಾನುಗಳನ್ನೇ ಬೇರೆಯಾಗಿ ಮಾರುತ್ತಾರೆ. ಮುಖವೂ ಕಾಣಬೇಕು, ಗಾಳಿಯೂ ಒಳಗೆ ಬರಬೇಕು. ನಾವು ಬೊಂಬೆ ಕೂರಿಸುವಾಗ ಪಟ್ಟದ ಬೊಂಬೆಗಳ ಬೆನ್ನನ್ನು ಗೋಡೆಗೆ ಮಾಡುತ್ತೇವೆ, ಸರಿ. ಬೊಂಬೆಗಳು ಉಸಿರಾಡಬೇಕಾಗಿಲ್ಲವಲ್ಲ!

ಬೆಳಕು ಬೇಡವೆಂದು ನಾನು ಹೇಳುತ್ತಿಲ್ಲ. ಚಿಕ್ಕಂದಿನಲ್ಲಿ ಕನ್ನಂಬಾಡಿಗೆ ಹೋದಾಗ ಬೃಂದಾವನದ ಬಣ್ಣದ ಕಾರಂಜಿಗಳನ್ನು ಬಾಯಿ ಬಿಟ್ಟುಕೊಂಡು ನೋಡಿದವಳೇ ನಾನು. ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲದ (1926–41) ಆ ತೋಟದಲ್ಲಿ ಬಣ್ಣ ಬೀಳುವುದು ಹಾರುವ ನೀರಿನ ಮೇಲೆ. ನೀರು ಹಾರುತ್ತಿದೆ ಎಂಬುದೇ ಬಣ್ಣದಿಂದ ಕಾಣುತ್ತದೆ. 1912ರಲ್ಲಿ ಮುಗಿದ ಅರಮನೆಯನ್ನು ನೋಡಿ: ಒಂದೇ ಬಣ್ಣದ ಬಲ್ಬುಗಳು ಕಮಾನು, ಗೋಪುರ, ಗುಮ್ಮಟಗಳ ಅಂಚನ್ನೇ ಹಿಡಿದು ಹೋಗುತ್ತವೆ, ಕತ್ತಲಲ್ಲಿ ಕಟ್ಟಡವನ್ನು ಗೆರೆ ಎಳೆದು ಬರೆದ ಹಾಗೆ. ಅದೂ ವಾರದಲ್ಲಿ ಒಂದು ದಿನ, ರಜಾ ದಿನಗಳಲ್ಲಿ, ದಸರೆಯಲ್ಲಿ, ಸ್ವಲ್ಪ ಹೊತ್ತು ಮಾತ್ರ. ನಮ್ಮ ಪೆಟ್ಟಿಗೆಯ ಬೆಳಕು ಏನನ್ನು ತೋರಿಸುತ್ತದೆ? ಫ್ಯಾನು ತಿರುಗುತ್ತಿದೆ ಎಂದು ತೋರಿಸುತ್ತದೆ. ಗಾಳಿ ಯಾವ ಕಡೆ ಹೋಗುತ್ತಿದೆ ಎಂದು ತೋರಿಸುವುದಿಲ್ಲ. ಬಿಸಿ ಎಷ್ಟಿದೆ ಎಂಬುದಕ್ಕೆ ತಕ್ಕಂತೆ ಬಣ್ಣ ಬದಲಾಗುವಂತೆ ಅದನ್ನು ಹೊಂದಿಸಬಹುದಂತೆ. ಹಾಗೆ ಮಾಡಿದ್ದರೆ ನಾನು ಮೊದಲ ದಿನವೇ ಮೆಚ್ಚುತ್ತಿದ್ದೆ.

ಇದಕ್ಕೆ ಎದುರಾಗಿ ಆಸ್ಟ್ರಿಯಾ ದೇಶದ ನಾಕ್ಟುವಾ ಎಂಬ ಕಂಪನಿಯ ಫ್ಯಾನನ್ನು ಅಂಗಡಿಯಲ್ಲಿ ನೋಡಿದೆ. ಕಂದು ಮತ್ತು ಮರಳಿನ ಬಣ್ಣ. ನಮ್ಮ ಹೈಸ್ಕೂಲಿನ ಹಳೆಯ ಯೂನಿಫಾರ್ಮಿನ ಹಾಗೆ! ದೀಪ ಒಂದೂ ಇಲ್ಲ. ಸದ್ದಿಲ್ಲದೆ ಗಾಳಿ ತರುವುದಕ್ಕೆ ಅದು ಹೆಸರುವಾಸಿಯಂತೆ. “ಯಾರೂ ಬಣ್ಣ ನೋಡಿ ಇದನ್ನ ತಗೊಳ್ಳಲ್ಲ ಮೇಡಂ” ಎಂದು ಅಂಗಡಿಯ ಹುಡುಗ ನಕ್ಕ. ಬೆಲೆ ಕೇಳಿ ನಾನೂ ತೆಗೆದುಕೊಳ್ಳಲಿಲ್ಲ.

ಕೊನೆಗೆ ನಾವು ಮಾಡಿದ್ದು ಇಷ್ಟು. ಪ್ಲಗ್ ಕಿತ್ತು, ಪಕ್ಕದ ಎರಡು ಫ್ಯಾನುಗಳನ್ನು ಬೆನ್ನು ಕಾಣುವಂತೆ ತಿರುಗಿಸಿದೆವು. ಮೇಲಿನ ಮೂರರಲ್ಲಿ ಒಂದನ್ನು ಬಿಚ್ಚಿ, ತಳದ ಜಾಲರಿಯ ಮೇಲೆ, ಗಾಳಿ ಒಳಗೆ ಬರುವಂತೆ ಕೂರಿಸಿದೆವು. ಕೆಳಗಿನಿಂದಲೂ ಪಕ್ಕದಿಂದಲೂ ಒಳಕ್ಕೆ, ಮೇಲಿನಿಂದಲೂ ಹಿಂದಿನಿಂದಲೂ ಹೊರಕ್ಕೆ: ತೊಟ್ಟಿ ಮನೆಯ ಲೆಕ್ಕವೇ. ಆ ರಾತ್ರಿ ಬಿಸಿ ಎಂಟು ಡಿಗ್ರಿ ಇಳಿಯಿತು, ಒಂದು ಸ್ಕ್ರೂ ಡ್ರೈವರಿನ ಖರ್ಚಿನಲ್ಲಿ. “ಬೆನ್ನು ಕಾಣುತ್ತಲ್ಲಮ್ಮ” ಎಂದು ಮಗ ಎರಡು ದಿನ ಗೊಣಗಿದ.

ನಿಮ್ಮ ಮನೆಯಲ್ಲೂ ಮಕ್ಕಳು ಇಂಥದ್ದನ್ನು ಕೇಳುತ್ತಿದ್ದರೆ, ದುಡ್ಡು ಕೊಡುವ ಮೊದಲು ಮುಂಭಾಗ ಗಾಜೋ ಜಾಲರಿಯೋ ನೋಡಿ. ಜಾಲರಿಯೇ ಮೇಲು, ತೆಗೆದು ತೊಳೆಯುವಂತಿದ್ದರೆ ಇನ್ನೂ ಮೇಲು. ಸಾಧಾರಣ ಕೆಲಸಕ್ಕೆ ಮುಂದೆ ಎರಡು, ಹಿಂದೆ ಒಂದು ಫ್ಯಾನು ಧಾರಾಳ. ಜಾಗವಿದ್ದರೆ 120 ಮಿಲಿಮೀಟರಿನದಕ್ಕಿಂತ 140ರದನ್ನು ಆರಿಸಿ; ದೊಡ್ಡ ರೆಕ್ಕೆ ನಿಧಾನವಾಗಿ ತಿರುಗಿಯೇ ಅಷ್ಟು ಗಾಳಿ ತರುತ್ತದೆ, ಸದ್ದು ಕಡಿಮೆ. ನಾಲ್ಕು ಪಿನ್ನಿನದಾದರೆ ಬಿಸಿಗೆ ತಕ್ಕಂತೆ ಅದರ ವೇಗವನ್ನು ಹದವಾಗಿ ಏರಿಳಿಸಬಹುದು. ದೀಪದ ವಯರುಗಳಲ್ಲಿ ಮಾತ್ರ ಎಚ್ಚರ: 5 ವೋಲ್ಟಿನ ಮೂರು ಪಿನ್ನಿನದು ಒಂದು ಜಾತಿ, 12 ವೋಲ್ಟಿನ ನಾಲ್ಕು ಪಿನ್ನಿನದು ಇನ್ನೊಂದು. 5ರದಕ್ಕೆ 12 ಕೊಟ್ಟರೆ ದೀಪ ಸುಟ್ಟಂತೆಯೇ.

ಕಣ್ಣಿಗೆ ಬೇಕಾದ ಬೆಳಕು ಪೆಟ್ಟಿಗೆಯೊಳಗಿನದಲ್ಲ, ಕೋಣೆಯದು. ಕತ್ತಲಲ್ಲಿ ಪರದೆಯೊಂದೇ ಉರಿಯುತ್ತಿದ್ದರೆ ಕಣ್ಣು ಸೋಲುತ್ತದೆ. ಪರದೆಯ ಹಿಂದಿನ ಗೋಡೆಗೆ ಬೀಳುವಂತೆ ಒಂದು ಮಂದ ದೀಪ ಸಾಕು. ಅವರಪ್ಪನ ಓದುವ ಮೇಜಿನ ದೀಪವನ್ನು ಒರೆಸಿ ಅಲ್ಲಿಟ್ಟಿದ್ದೇನೆ.

ಇಷ್ಟೆಲ್ಲ ವಾದ ಮಾಡಿ ಗೆದ್ದ ಮೇಲೆ ಮಗ ಒಂದು ದಿನ ತಾನಾಗಿಯೇ ಪೆಟ್ಟಿಗೆಯ ಬಣ್ಣದ ದೀಪಗಳನ್ನೆಲ್ಲ ಆರಿಸಿಬಿಟ್ಟ. ಆ ರಾತ್ರಿ ಎರಡು ಗಂಟೆಗೆ ನನಗೆ ಎಚ್ಚರವಾಯಿತು. ಅವರು ಹೋದಂದಿನಿಂದ ಆ ಹೊತ್ತಿಗೆ ಎಚ್ಚರವಾಗುವುದು ನನಗೆ ಅಭ್ಯಾಸ. ಎದ್ದು ನೀರು ಕುಡಿಯಲು ಹೋಗುವಾಗ ಅವನ ಬಾಗಿಲಿನ ಕೆಳಗೆ ನೇರಳೆ ಬೆಳಕಿನ ಒಂದು ಗೆರೆ ಕಾಣುತ್ತಿತ್ತು; ಅದನ್ನು ನೋಡಿ ಹೋಗಿ ಮಲಗಿದರೆ ನಿದ್ದೆ ಬರುತ್ತಿತ್ತು. ಅಂದು ನಡುಮನೆ ಪೂರಾ ಕತ್ತಲು. ಬಾಗಿಲ ಹತ್ತಿರ ನಿಂತು ಕಿವಿಗೊಟ್ಟೆ. ಫ್ಯಾನಿನ ಸದ್ದೂ ಕೇಳಿಸಲಿಲ್ಲ, ಅಷ್ಟು ಚೆನ್ನಾಗಿ ಸರಿಮಾಡಿದ್ದೆವು.

ಬೆಳಿಗ್ಗೆ ಕಾಫಿ ಕೊಡುವಾಗ, “ಹಿಂದುಗಡೆಯ ಒಂದು ಫ್ಯಾನಿನ ದೀಪ ಇರಲಿ ಬಿಡೋ” ಎಂದೆ.

“ಯಾಕಮ್ಮ? ನಿನಗೆ ಆಗಲ್ಲವಲ್ಲ ಅದು?”

“ಇರಲಿ” ಎಂದೆ.

“ಯಾವ ಬಣ್ಣ?” ಎಂದು ಕೇಳಿದ.