ಆಗಮನದ ಸಿದ್ಧತೆ: ಒಂದು ದತ್ತು ಕಾದಂಬರಿಯ ವಿಮರ್ಶೆ

ಮಕ್ಕಳಿಲ್ಲದ ದಂಪತಿಗಳು ಅನ್ಯರ ಶಿಶುವನ್ನು ತಮ್ಮದನ್ನಾಗಿ ಮಾಡಿಕೊಳ್ಳುವುದು ಯಾವ ಜನಾಂಗಕ್ಕೂ ಹೊಸತಲ್ಲ. ಆದರೆ ಒಂದು ದೇಶದ ದಂಪತಿಗಳು ಮತ್ತೊಂದು ದೇಶದ, ಮತ್ತೊಂದು ನುಡಿಯ ಶಿಶುವನ್ನು ಕಾನೂನಿನ ಮೂಲಕ ಪಡೆದು ಸಾಕುವ ಪದ್ಧತಿ ವ್ಯಾಪಕವಾದುದು ಎರಡನೆಯ ಮಹಾಯುದ್ಧದ ಅನಂತರ, ವಿಶೇಷವಾಗಿ 1950-53ರ ಕೊರಿಯ ಯುದ್ಧದ ತರುವಾಯ. ಅಮೆರಿಕದ ಆರೆಗಾನ್ ಪ್ರಾಂತ್ಯದ ಹೋಲ್ಟ್ ದಂಪತಿಗಳು 1955ರಲ್ಲಿ ಎಂಟು ಮಂದಿ ಕೊರಿಯನ್ ಮಕ್ಕಳನ್ನು ದತ್ತು ತೆಗೆದುಕೊಂಡರು. ಅದಕ್ಕಾಗಿ ಅಲ್ಲಿಯ ಶಾಸನಸಭೆ ವಿಶೇಷ ಕಾನೂನನ್ನೇ ಮಾಡಬೇಕಾಯಿತು. ಮುಂದಿನ ದಶಕಗಳಲ್ಲಿ ಆ ಒಂದು ದೇಶದಿಂದಲೇ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಮಕ್ಕಳು ಪರದೇಶಗಳ ಮನೆಗಳನ್ನು ಸೇರಿದರು. ಇಂಥ ಮಗುವಿಗಾಗಿ ಕಾದಿರುವ ದಂಪತಿಗಳ ಸಿದ್ಧತೆ ಎಂತಹುದು? ಅದನ್ನು ಸಾಹಿತ್ಯ ಹೇಗೆ ಕಂಡಿದೆ? ಈ ಪ್ರಶ್ನೆಯನ್ನಿಟ್ಟುಕೊಂಡು ಅಮೆರಿಕದ ಪ್ರಸಿದ್ಧ ಕಾದಂಬರಿಗಾರ್ತಿ ಆನ್ ಟೈಲರ್ ಅವರ 'ಡಿಗ್ಗಿಂಗ್ ಟು ಅಮೆರಿಕ' (2006) ಎಂಬ ಕೃತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾದಂಬರಿ 1997ನೆಯ ಆಗಸ್ಟ್ 15ರ ರಾತ್ರಿ ಬಾಲ್ಟಿಮೋರ್ ನಗರದ ವಿಮಾನನಿಲ್ದಾಣದಲ್ಲಿ ಪ್ರಾರಂಭವಾಗುತ್ತದೆ. ಕೊರಿಯದಿಂದ ಬರುವ ಶಿಶುವನ್ನು ಎದುರುಗೊಳ್ಳಲು ಬ್ರಾಡ್ ಮತ್ತು ಬಿಟ್ಸಿ ಡೊನಾಲ್ಡ್‌ಸನ್ ದಂಪತಿಗಳು ಬಂಧುಬಳಗವನ್ನೆಲ್ಲ ಕೂಡಿಸಿಕೊಂಡು ನಿಂತಿದ್ದಾರೆ. ಬಲೂನುಗಳಿವೆ, ವಿಡಿಯೋ ಕ್ಯಾಮರಾಗಳಿವೆ. ತಾಯಿ, ತಂದೆ, ಅಜ್ಜಿ ಎಂದು ಬರೆದ ಬಿಲ್ಲೆಗಳನ್ನು ಅವರವರು ಎದೆಯ ಮೇಲೆ ಧರಿಸಿದ್ದಾರೆ. ಶಿಶುವಿನ ಮುಖವನ್ನು ಕಾಣುವ ಮೊದಲೇ ಸಂಬಂಧದ ಹೆಸರು ಅಚ್ಚಾಗಿ ಬಂದಿದೆ! ಗುಂಪಿನಿಂದ ತುಸು ದೂರದಲ್ಲಿ ಇರಾನ್ ಮೂಲದ ಸಾಮಿ ಮತ್ತು ಜೀಬಾ ಯಜ್ದಾನ್ ಎಂಬ ದಂಪತಿಗಳು, ಸಾಮಿಯ ತಾಯಿ ಮರ್ಯಮ್ ಅವರೊಡನೆ, ಸದ್ದಿಲ್ಲದೆ ಕಾಯುತ್ತಿದ್ದಾರೆ. ಅದೇ ವಿಮಾನದಲ್ಲಿ ಅವರಿಗೂ ಒಂದು ಹೆಣ್ಣು ಶಿಶು ಬರಲಿದೆ. ಇಡೀ ಕೃತಿಯ ವಸ್ತು ಈ ಒಂದು ಸನ್ನಿವೇಶದಲ್ಲಿ ಬೀಜರೂಪದಲ್ಲಿದೆ ಎನ್ನಬಹುದು.

ಎರಡು ಮನೆಗಳ ಸಿದ್ಧತೆಯ ರೀತಿ ಬೇರೆ ಬೇರೆ. ಬಿಟ್ಸಿ ತನ್ನ ಮಗುವಿಗೆ ಜಿನ್-ಹೋ ಎಂಬ ಕೊರಿಯನ್ ಹೆಸರನ್ನೇ ಉಳಿಸುತ್ತಾಳೆ, ಹಬ್ಬದ ದಿನ ಕೊರಿಯದ ಉಡುಗೆ ತೊಡಿಸುತ್ತಾಳೆ. ಯಜ್ದಾನರು ಸೂಕಿ ಎಂಬ ಹೆಸರನ್ನು ಇಂಗ್ಲಿಷಿಗೂ ಪಾರಸಿಗೂ ಒಗ್ಗುವಂತೆ ಸೂಸನ್ ಎಂದು ಮಾರ್ಪಡಿಸುತ್ತಾರೆ. ಮಕ್ಕಳು ಬಂದಿಳಿದ ದಿನವನ್ನು ಎರಡು ಕುಟುಂಬಗಳೂ ವರ್ಷವರ್ಷವೂ ಕೂಡಿ ಆಚರಿಸುತ್ತವೆ. ಒಂದು ಹಳೆಯ ಜನಪದ ಗೀತೆಯನ್ನು ಹಾಡಿ, ಆ ರಾತ್ರಿಯ ಚಿತ್ರವನ್ನು ಮತ್ತೆ ನೋಡುತ್ತವೆ. ಬಿಟ್ಸಿಯ ಪಾತ್ರನಿರೂಪಣೆಯಲ್ಲಿ ಲೇಖಕಿಯ ಹಾಸ್ಯ ಸೂಕ್ಷ್ಮವಾದುದು. ಆಕೆಯ ಪ್ರೀತಿ ನಿಜವಾದುದು. ಆದರೆ ಆ ಪ್ರೀತಿಗೆ ಸದಾ ಒಂದು ಪ್ರದರ್ಶನ ಬೇಕು. ಮುಂದೆ ಒಂದು ಅಧ್ಯಾಯದಲ್ಲಿ ಕಥೆ ಜಿನ್-ಹೋಳ ದೃಷ್ಟಿಯಿಂದಲೇ ಸಾಗುತ್ತದೆ. ತಾಯಿ ಅಷ್ಟು ಅಕ್ಕರೆಯಿಂದ ಕಾಪಾಡಿದ ಹೆಸರನ್ನು ಬಿಟ್ಟು 'ಜೋ' ಎಂದು ಕರೆಸಿಕೊಳ್ಳುವುದೇ ಆ ಹುಡುಗಿಗೆ ಇಷ್ಟ. ದೊಡ್ಡವರು ಮಗುವಿಗಾಗಿ ಕಟ್ಟಿದ ಕಥೆಯೇ ಬೇರೆ, ಮಗು ತಾನಾಗಿ ಬಾಳುವ ಬದುಕೇ ಬೇರೆ ಎಂಬುದನ್ನು ಇದಕ್ಕಿಂತ ಮಿತವಾದ ಮಾತಿನಲ್ಲಿ ಹೇಳುವುದು ಕಷ್ಟ.

ಕೃತಿಯ ಶ್ರೇಷ್ಠ ಸೃಷ್ಟಿ ಮಾತ್ರ ಮರ್ಯಮ್. ಮದುವೆಯಾಗಿ ಇರಾನಿನಿಂದ ಬಂದು, ಪತಿಯನ್ನು ಕಳೆದುಕೊಂಡು, ದಶಕಗಳು ಕಳೆದರೂ ಆ ನೆಲದಲ್ಲಿ ಅತಿಥಿಯಂತೆಯೇ ಉಳಿದ ಆಕೆಗೆ, ವಿಮಾನದಿಂದ ಇಳಿದ ಶಿಶುವಿನ ಪರಕೀಯತೆ ಯಾರೂ ಹೇಳಿಕೊಡದೆಯೇ ಅರ್ಥವಾಗುತ್ತದೆ. ವಲಸೆ ಬಂದವರ ಒಂಟಿತನವನ್ನೂ ದತ್ತುಮಗುವಿನ ಆಗಮನವನ್ನೂ ಒಂದೇ ನೂಲಿನಲ್ಲಿ ಪೋಣಿಸಿದುದು ಈ ಕಾದಂಬರಿಯ ಸಾಧನೆ. ಟೈಲರ್ ಅವರ ಪತಿ, ಲೇಖಕರೂ ಮನೋವೈದ್ಯರೂ ಆಗಿದ್ದ ತಘಿ ಮೊದರ್ರೆಸಿಯವರು, ಇರಾನಿನವರೆಂಬುದನ್ನು ಇಲ್ಲಿ ಸ್ಮರಿಸಬಹುದು. ಮರ್ಯಮಳ ಮನೆಯ ವಾತಾವರಣದಲ್ಲಿ ಕಾಣುವ ನಿಕಟ ಪರಿಚಯಕ್ಕೆ ಅದೂ ಒಂದು ಕಾರಣವಿದ್ದೀತು.

ಇಷ್ಟು ಗುಣಗಳನ್ನು ಒಪ್ಪಿಕೊಂಡ ಮೇಲೂ ಒಂದು ಕೊರತೆ ನಮ್ಮನ್ನು ಕಾಡುತ್ತದೆ. ಈ ಮಕ್ಕಳ ಕಥೆ ವಿಮಾನನಿಲ್ದಾಣದಲ್ಲಿ ಪ್ರಾರಂಭವಾಗುತ್ತದೆ. ಅದರ ಹಿಂದೆ ಏನೂ ಇಲ್ಲ. ಹೆತ್ತವಳು ಯಾರು, ಯಾವ ಒತ್ತಾಯಕ್ಕೆ ಸಿಕ್ಕಿ ಕೂಸನ್ನು ಬಿಟ್ಟಳು ಎಂಬ ಪ್ರಶ್ನೆ ಕಥೆಯ ನಡೆಯನ್ನು ಎಲ್ಲಿಯೂ ತಡೆದು ನಿಲ್ಲಿಸುವುದಿಲ್ಲ. ಇದು ಬಾಲ್ಟಿಮೋರಿನ ಗೃಹಜೀವನದ ಕಾದಂಬರಿ, ಅದರಲ್ಲಿ ಕೊರಿಯವನ್ನು ಹುಡುಕುವುದು ಔಚಿತ್ಯವಲ್ಲವೆಂದು ಕೆಲವರು ವಾದಿಸಬಹುದು. ವಾದ ತಳ್ಳಿಹಾಕುವಂತಹುದಲ್ಲ. ನಾವು ಸೋಲ್ ನಗರದ ಒಂದು ಅಧ್ಯಾಯವನ್ನು ಬೇಡುತ್ತಿಲ್ಲ. ಕಾಣದ ದಡದ ಧ್ವನಿಯೊಂದು ಕೇಳಿಸಬೇಕೆಂದಷ್ಟೇ ಬಯಸುತ್ತೇವೆ.

ಅಂಥ ಧ್ವನಿ ಕಾವ್ಯಕ್ಕೆ ಅಸಾಧ್ಯವಲ್ಲವೆಂಬುದಕ್ಕೆ ನಮ್ಮ ವಾಚಕರೆಲ್ಲರೂ ಬಲ್ಲ ಕರ್ಣನ ಕಥೆಯೇ ನಿದರ್ಶನ. ವ್ಯಾಸಭಾರತದ ವನಪರ್ವದಲ್ಲಿ ಕುಂತಿ ಪೆಟ್ಟಿಗೆಯನ್ನು ನದಿಗೆ ಬಿಡುವಾಗ, ಈ ಶಿಶುವನ್ನು ಮುಂದೆ ಮಗನೆಂದು ಸ್ವೀಕರಿಸುವ ಅಜ್ಞಾತ ಸ್ತ್ರೀಯ ಭಾಗ್ಯವನ್ನು ನೆನೆದು ಮರುಗುತ್ತಾಳೆ. ಸಾಕುವ ತಾಯಿ ಕಥೆಯೊಳಗೆ ಕಾಲಿಡುವ ಮೊದಲೇ ಹೆತ್ತ ತಾಯಿಯ ಮನಸ್ಸಿನಲ್ಲಿ ಮೂಡಿದ್ದಾಳೆ. ಅನಂತರ ಸಂತಾನಕ್ಕಾಗಿ ಹಂಬಲಿಸುತ್ತಿದ್ದ ರಾಧೆ ಮತ್ತು ಅಧಿರಥರ ಸಂತೋಷವನ್ನು ಕವಿ ಸ್ವಲ್ಪವೂ ಕುಗ್ಗಿಸದೆ ವರ್ಣಿಸುತ್ತಾನೆ. ಮಗು ಸೂತನ ಮನೆಯಲ್ಲಿ ಬೆಳೆಯುತ್ತಿರುವುದನ್ನು ಕುಂತಿ ಚಾರರಿಂದ ತಿಳಿದುಕೊಂಡಳೆಂದೂ ಹೇಳುತ್ತಾನೆ. ಒಂದು ದಡದ ದುಃಖ ಮತ್ತೊಂದು ದಡದ ಸುಖವನ್ನು ಸುಳ್ಳಾಗಿಸುವುದಿಲ್ಲ. ಎರಡೂ ಒಂದೇ ಹೊಳೆಯವು. ಟೈಲರ್ ಅವರ ಕಾದಂಬರಿಯಲ್ಲಿ ಈ ಹೊಳೆಗೆ ಒಂದೇ ದಡ.

ಇದು ಕೇವಲ ಕಲೆಯ ಪ್ರಶ್ನೆಯಾಗಿ ಉಳಿದಿಲ್ಲವೆಂಬುದೇ ಗಂಭೀರವಾದ ಸಂಗತಿ. ದಕ್ಷಿಣ ಕೊರಿಯದ ಸತ್ಯಶೋಧನ ಆಯೋಗ 2025ರ ಮಾರ್ಚಿಯಲ್ಲಿ ಪ್ರಕಟಿಸಿದ ನಿರ್ಣಯದಂತೆ, ಪರದೇಶಗಳಿಗೆ ಕಳುಹಿಸಲಾದ ಮಕ್ಕಳಲ್ಲಿ ಹಲವರ ದಾಖಲೆಗಳು ಕೃತಕವಾಗಿದ್ದವು. ತಂದೆತಾಯಿ ಇದ್ದ ಮಕ್ಕಳನ್ನೂ ಅನಾಥರೆಂದು ಬರೆಯಲಾಗಿತ್ತು. ಕಾದಂಬರಿ ಬಿಟ್ಟ ಖಾಲಿ ಜಾಗವನ್ನೇ ಕಚೇರಿಯ ಕಾಗದಗಳೂ ಬಿಟ್ಟಿದ್ದವು. ಟೈಲರ್ ಅವರು 2006ರಲ್ಲಿ ಈ ನಿರ್ಣಯವನ್ನು ಬಲ್ಲವರಾಗಿರಲಿಲ್ಲವೆಂಬುದು ನಿಜ. ಆದರೆ ಕೊರಿಯದಿಂದ ಅಮೆರಿಕಕ್ಕೆ ದತ್ತುಹೋದ ಜೇನ್ ಜಂಗ್ ಟ್ರೆಂಕ ಅವರ 'ದಿ ಲ್ಯಾಂಗ್ವೇಜ್ ಆಫ್ ಬ್ಲಡ್' ಎಂಬ ಆತ್ಮಕಥನ ಅದಕ್ಕೆ ಮೂರು ವರ್ಷ ಮೊದಲೇ, 2003ರಲ್ಲಿ, ಹೊರಬಂದಿತ್ತು. ಬೆಳೆದು ದೊಡ್ಡವರಾದ ಮೇಲೆ ತವರುನೆಲಕ್ಕೆ ಹೋಗಿ ಹೆತ್ತ ತಾಯಿಯನ್ನು ಕಂಡ ಮಗಳ ಬರೆಹವದು. ಎದುರುಗೊಂಡವರು ಹೇಳದೆ ಬಿಟ್ಟುದನ್ನು ಬಂದವರೇ ಹೇಳಬೇಕಾಯಿತು.

ನಮ್ಮ ದೇಶದ ನ್ಯಾಯಶಾಸ್ತ್ರವೂ ಈ ಎರಡು ದಡಗಳನ್ನು ಗುರುತಿಸಿದೆ. ಲಕ್ಷ್ಮೀಕಾಂತ ಪಾಂಡೆ ಮೊಕದ್ದಮೆಯ 1984ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ದತ್ತು ಬಯಸುವ ವಿದೇಶೀ ದಂಪತಿಗಳ ಮನೆಯ ಸ್ಥಿತಿಗತಿಗಳ ವರದಿ ಅವಶ್ಯವೆಂದು ವಿಧಿಸಿತು. ಹೆತ್ತವರು ಯಾವ ಒತ್ತಡಕ್ಕೂ ಒಳಗಾಗದೆ ಮಗುವನ್ನು ಒಪ್ಪಿಸಬೇಕೆಂದೂ ಹೇಳಿತು. ಕಾನೂನು ಕೇಳಿದ ಎರಡನೆಯ ಪ್ರಶ್ನೆಯನ್ನು ಕಾದಂಬರಿಯೂ ಕೇಳಲೆಂದು ಸಹೃದಯರು ನಿರೀಕ್ಷಿಸಿದರೆ ತಪ್ಪಾಗಲಾರದು.

ಕೃತಿಯ ಹೆಸರು ಮಕ್ಕಳ ಒಂದು ಕಲ್ಪನೆಯಿಂದ ಬಂದುದು. ನೆಲವನ್ನು ಅಗೆಯುತ್ತ ಹೋದರೆ ಚೀನವನ್ನು ತಲಪಬಹುದೆಂಬುದು ಅಮೆರಿಕದ ಮಕ್ಕಳ ಆಟದ ಮಾತು. ಹಾಗಾದರೆ ಆ ಕಡೆಯ ಮಕ್ಕಳು ಅಮೆರಿಕವನ್ನು ಅರಸಿ ಅಗೆಯುತ್ತಿರಬೇಕಲ್ಲವೆ? ಕೃತಿಯಲ್ಲಿ ಡೊನಾಲ್ಡ್‌ಸನ್ ದಂಪತಿಗಳು ಮುಂದೆ ಷಿಯು-ಮೇ ಎಂಬ ಎರಡನೆಯ ಮಗುವನ್ನು ಚೀನದಿಂದಲೇ ತರುತ್ತಾರೆ. ಅಂಥ ದತ್ತುಗಳಿಗೆ, ಬಂಧುಗಳೊಳಗಿನವನ್ನು ಬಿಟ್ಟು, ಚೀನವೇ 2024ರಲ್ಲಿ ಬಾಗಿಲು ಮುಚ್ಚಿತು. ಆದರೆ ಆಗಲೇ ಹೋದ ಮಕ್ಕಳು ಬೆಳೆದಿದ್ದಾರೆ, ಪ್ರಶ್ನೆ ಕೇಳುತ್ತಿದ್ದಾರೆ. ಇಂಥ ಮಗುವಿಗಾಗಿ ಕಾಯುವ ದಂಪತಿಗಳು ತೊಟ್ಟಿಲನ್ನೂ ಹೆಸರನ್ನೂ ಅಣಿಮಾಡಿದರೆ ಸಾಲದು. ಒಂದು ದಿನ ಮಗು ತಾನಾಗಿಯೇ ಆ ಕಡೆಗೆ ಅಗೆಯಲು ತೊಡಗೀತು, ಆಗ ಪಕ್ಕದಲ್ಲಿ ನಿಂತು ಮಣ್ಣು ಎತ್ತಲು ತಾವು ಸಿದ್ಧರೇ ಎಂದು ಕೇಳಿಕೊಳ್ಳಬೇಕು. ಟೈಲರ್ ಅವರ ಕಾದಂಬರಿ ಮೊದಲನೆಯ ಸಿದ್ಧತೆಯನ್ನು ನಗುನಗುತ್ತ, ನಿರ್ದಾಕ್ಷಿಣ್ಯವಾಗಿ, ಆದರೂ ಪ್ರೀತಿಯಿಂದ ಚಿತ್ರಿಸಿದೆ. ಎರಡನೆಯದನ್ನು ಚಿತ್ರಿಸುವ ಕಾದಂಬರಿಯೂ ಬೇಕೆಂಬ ಅರಿವನ್ನು ತನ್ನ ಮೌನದಿಂದಲೇ ಉಂಟುಮಾಡಿದೆ.