ಮೇಷ್ಟ್ರ ಹಳದಿ ಸೀಮೆಸುಣ್ಣ

ಪ್ರಬಂಧವೆಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಹತ್ತನೆಯ ತರಗತಿಯ ಯಾರು ಬೇಕಾದರೂ ಬಾಯಿಪಾಠ ಒಪ್ಪಿಸಿಯಾರು. ಒಳ್ಳೆಯ ಕನ್ನಡ ಮೇಷ್ಟ್ರು ಪೀಠಿಕೆಗೆ ನಾಲ್ಕು ಗೆರೆ ಖಾಲಿ ಬಿಡಿಸಿ, ನೇರ ಕರಿಹಲಗೆಗೆ ಹೋಗುತ್ತಾರೆ.

ವಿಷಯ ‘ಕೆರೆಗಳ ಸಂರಕ್ಷಣೆ’ ಎನ್ನಿ. ಹೂಳು, ಒತ್ತುವರಿ, ಅಂತರ್ಜಲ, ಮೀನು, ಕೋಡಿ: ಮಕ್ಕಳು ಕೂಗಿದ್ದೆಲ್ಲ ಹಲಗೆಯ ಮೇಲೆ ಚೆಲ್ಲಾಪಿಲ್ಲಿ. ಆಮೇಲೆ ಹಳದಿ ಸೀಮೆಸುಣ್ಣ ಕಿರುಗುಟ್ಟುತ್ತದೆ. ಕಾರಣಗಳಿಗೆ ಸುತ್ತು, ಪರಿಣಾಮಗಳಿಗೆ ಅಡಿಗೆರೆ.

‘ಹೂಳು ತುಂಬಿದರೆ?’

‘ನೀರು ನಿಲ್ಲಲ್ಲ ಸಾರ್.’

‘ನಿಲ್ಲದಿದ್ದರೆ?’

‘ಬೋರ್‌ವೆಲ್ ಬತ್ತುತ್ತೆ!’

ಹೂಳಿನಿಂದ ಅಂತರ್ಜಲಕ್ಕೆ ಬಾಣವೊಂದು ಓಡುವ ಆ ಗಳಿಗೆ ನೋಡಬೇಕು. ಪ್ಯಾರಾದ ಕ್ರಮ ಮಕ್ಕಳ ಬಾಯಿಂದಲೇ ಹೊರಟಿತಲ್ಲ! ಮೇಷ್ಟ್ರು ಕೇಳಿದ್ದು ಎರಡೇ ಪ್ರಶ್ನೆ.

ಮೀನು ಮಾತ್ರ ಯಾವ ಗುಂಪಿಗೂ ಸೇರದೆ ಮೂಲೆಯಲ್ಲಿದೆ. (ಪುಟ ತುಂಬಿಸಲು ಅದನ್ನೂ ತುರುಕಿಸುವವರೇ ಹೆಚ್ಚು.) ಈ ಮೇಷ್ಟ್ರು ಅದನ್ನು ಒರೆಸುವುದೂ ಇಲ್ಲ, ಒಳಗೆ ಸೇರಿಸುವುದೂ ಇಲ್ಲ. ಸುತ್ತ ಚೌಕ ಹಾಕಿ, ‘ಇದು ಇನ್ನೊಂದು ಪ್ರಬಂಧಕ್ಕೆ’ ಎನ್ನುತ್ತಾರೆ.