ಗೈಡು ನಮಗೊಬ್ಬರಿಗೇ, ಕತೆ ಊರಿಗೆಲ್ಲ

ಪ್ರೈವೇಟ್ ಗೈಡೆಡ್ ಟೂರನ್ನೂ ನಾಟಕ, ಸಿನಿಮಾಗಳ ಹಾಗೆ ವಿಮರ್ಶೆ ಮಾಡಬೇಕು ಅನ್ನೋದು ನನ್ನ ವಾದ. ದುಡ್ಡು ಕೊಟ್ಟಿರುತ್ತೇವೆ, ಒಬ್ಬರು ಇಡೀ ದಿನ ಕತೆ ಹೇಳಿರುತ್ತಾರೆ, ನಾವು ತಲೆಯಾಡಿಸಿಕೊಂಡು ಕೇಳಿರುತ್ತೇವೆ. ಮನೆಗೆ ಬಂದ ಮೇಲೆ ಸ್ಟಾರನ್ನೂ ಕೊಡುತ್ತೇವೆ. ಆದರೆ ಯಾವುದಕ್ಕೆ? ಕಾರಿನ ಎಸಿಗೆ, ಡ್ರೈವರ್ ಟೈಮಿಗೆ ಸರಿಯಾಗಿ ಬಂದದ್ದಕ್ಕೆ, ಗೈಡ್ ನಗುನಗುತ್ತಾ ಮಾತಾಡಿದ್ದಕ್ಕೆ. ಅವರು ಹೇಳಿದ್ದೇನು, ಬಿಟ್ಟದ್ದೇನು ಅಂತ ಒಂದು ಸಾಲನ್ನೂ ಯಾರೂ ಬರೆಯೋದಿಲ್ಲ.

ನಾನಿಲ್ಲಿ ಹೇಳುತ್ತಿರುವುದು ಮೈಸೂರಿನಿಂದ ಹೊರಡುವ ಒಂದು ದಿನದ ಟೂರಿನ ಬಗ್ಗೆ. ಅರಮನೆ, ಚಾಮುಂಡಿ ಬೆಟ್ಟ ಎಲ್ಲ ಎರಡೆರಡು ಸಲ ಆಗಿರುವ ಬೆಂಗಳೂರಿನವರಿಗೆ ಇದನ್ನು 'ಆಫ್‌ಬೀಟ್' ಅಂತ ಮಾರುತ್ತಾರೆ. ಬೆಳಿಗ್ಗೆ ನಂಜನಗೂಡು, ಮಧ್ಯಾಹ್ನ ಟಿ. ನರಸೀಪುರ, ಬಿಸಿಲು ಇಳಿಯುವ ಹೊತ್ತಿಗೆ ಸೋಮನಾಥಪುರ. ನಾವು ನಾಲ್ಕು ಜನ, ಒಂದು ಕಾರು, ಒಬ್ಬ ಗೈಡು.

ಮೊದಲು ಮೆಚ್ಚುಗೆಯ ಮಾತು. ನಮ್ಮ ಗೈಡ್‌ಗೆ ಒಳ್ಳೆ ಕಂಠ ಇತ್ತು. "ಇಲ್ ಬನ್ನಿ ಸಾರ್, ಇಲ್ಲೇ ನಿಂತ್ಕಳಿ, ಇಲ್ಲಿಂದ ನೋಡುದ್ರೆ ಗೋಪುರ ಪೂರ್ತಿ ಕಾಣ್ಸುತ್ತೆ" ಅಂದರು. ಕಾಣಿಸಿತು. ಏಳು ನೆಲೆ, ನೂರಿಪ್ಪತ್ತು ಅಡಿ, ತುದಿಯಲ್ಲಿ ಕಳಶಗಳು. ನಂಜುಂಡನ ಗೂಡು ನಂಜನಗೂಡಾದದ್ದು, ವಿಷ ಕುಡಿದ ಶಿವ ವೈದ್ಯನಾದದ್ದು, ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣು ಇಲ್ಲಿಯ ಹರಕೆಯಿಂದ ಗುಣವಾದದ್ದು, ಅವನು 'ಹಕೀಮ್ ನಂಜುಂಡ' ಅಂತ ಕರೆದು ಪಚ್ಚೆ ಲಿಂಗ ಕೊಟ್ಟದ್ದು, ಎಲ್ಲವನ್ನೂ ಚೆನ್ನಾಗಿ ಹೇಳಿದರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಅನ್ನೋದು ಗೊತ್ತಿದ್ದವರು.

ಹತ್ತು ಹೆಜ್ಜೆ ಆಚೆ ಸ್ಕೂಲ್ ಬಸ್ಸಿನಲ್ಲಿ ಬಂದ ಐವತ್ತು ಮಕ್ಕಳ ಎದುರು ಇನ್ನೊಬ್ಬರು ನಿಂತಿದ್ದರು. ಅದೇ ಆನೆ, ಅದೇ ಕಣ್ಣು, ಅದೇ ಹಕೀಮ. ಹೆಚ್ಚುಕಮ್ಮಿ ಅದೇ ವಾಕ್ಯ. ಹಾಗಾದರೆ ನಾವು ಕೊಟ್ಟ ಜಾಸ್ತಿ ದುಡ್ಡು ಯಾವುದಕ್ಕೆ? ಗೈಡು ನಮಗೊಬ್ಬರಿಗೇ ಸಿಕ್ಕರು, ಕತೆ ಮಾತ್ರ ಊರಿಗೆಲ್ಲ ಒಂದೇ. ಪ್ರೈವೇಟ್ ಆಗಿದ್ದು ಕಾರು ಅಷ್ಟೇ.

ಕತೆ ಹೇಳೋದು ತಪ್ಪಲ್ಲ. ಕತೆಯಿಲ್ಲದ ಊರು ಊರೇ ಅಲ್ಲ. ನನ್ನ ತಕರಾರು ಇರುವುದು ಒಂದು ಚಿಕ್ಕ ಪ್ರತ್ಯಯದ ಬಗ್ಗೆ. ನಮ್ಮ ಅಜ್ಜಿಯಂದಿರು ಇದೇ ಕತೆ ಹೇಳುವಾಗ "ಆನೆ ಕಣ್ಣು ವಾಸಿ ಆಯ್ತಂತೆ, ಸುಲ್ತಾನ ಪಚ್ಚೆ ಲಿಂಗ ಕೊಟ್ಟನಂತೆ" ಅನ್ನುತ್ತಿದ್ದರು. ಆ 'ಅಂತೆ'ಯಲ್ಲಿ ಒಂದು ಪ್ರಾಮಾಣಿಕತೆ ಇದೆ. ನಾನು ನೋಡಿಲ್ಲ, ಕೇಳಿದ್ದು, ನೀನೂ ಕೇಳಿಸ್ಕೋ ಅಂತ. ಗೈಡ್ ಬಾಯಲ್ಲಿ 'ಅಂತೆ' ಉದುರಿಹೋಗಿ ಎಲ್ಲವೂ 'ಆಯ್ತು', 'ಕೊಟ್ರು', 'ಕಟ್ಸುದ್ರು' ಆಗಿರುತ್ತದೆ. ನಂಬಿಕೆ ಯಾವುದು, ದಾಖಲೆ ಯಾವುದು ಅಂತ ಕೇಳುವವರಿಗೆ ಗೊತ್ತಾಗೋದೇ ಇಲ್ಲ.

ಹೀಗಾದಾಗ ದಾಖಲೆ ಇರುವ ಸಂಗತಿಗಳು ಹಿಂದೆ ಸರಿಯುತ್ತವೆ. ಗೋಪುರವನ್ನೇ ತಗೊಳ್ಳಿ. "ಮಹಾರಾಜರು ಕಟ್ಸಿದ್ದು" ಅಂದರು. ಅದನ್ನು ಕಟ್ಟಿಸಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವರಾಜಮ್ಮಣ್ಣಿ. ಊರಿನ ಅತಿ ಎತ್ತರದ ಕಟ್ಟಡ ಒಬ್ಬ ಹೆಂಗಸಿನದು. ಅಡಿಗಳ ಲೆಕ್ಕ ಹೇಳುವಷ್ಟೇ ಹೊತ್ತಿನಲ್ಲಿ ಆಕೆಯ ಹೆಸರನ್ನೂ ಹೇಳಬಹುದಿತ್ತು.

ಇನ್ನೊಬ್ಬ ಹೆಂಗಸಿನ ಹೆಸರು ಟೂರಿನಲ್ಲಿ ಬರಲೇ ಇಲ್ಲ. ನಂಜನಗೂಡು ತಿರುಮಲಾಂಬಾ. 1887ರಲ್ಲಿ ಹುಟ್ಟಿದವರು. ಬಾಲ್ಯದಲ್ಲೇ ಮದುವೆ, ಹದಿನಾಲ್ಕನೇ ವಯಸ್ಸಿಗೆ ವೈಧವ್ಯ. ಆ ಕಾಲದಲ್ಲಿ ಅಂಥ ಹುಡುಗಿಗೆ ಅಡುಗೆಮನೆಯ ಮೂಲೆ ಬಿಟ್ಟು ಬೇರೆ ಜಾಗ ಇರಲಿಲ್ಲ. ಇವರು 1913ರಲ್ಲಿ 'ಸತೀಹಿತೈಷಿಣಿ' ಅಂತ ಪ್ರಕಟಣೆ ಶುರು ಮಾಡಿ 'ಸುಶೀಲೆ' ಕಾದಂಬರಿ ತಂದರು. ಆಮೇಲೆ 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಇವತ್ತು ನಮ್ಮ ಆಫೀಸುಗಳಲ್ಲಿ 'ಮಹಿಳಾ ಉದ್ಯಮಿ' ಅಂತ ಪ್ಯಾನೆಲ್ ಚರ್ಚೆ ಇಡುತ್ತೇವಲ್ಲ, ಇವರು ನೂರು ವರ್ಷದ ಹಿಂದೆಯೇ ಲೇಖಕಿ, ಸಂಪಾದಕಿ, ಪ್ರಕಾಶಕಿ ಮೂರೂ ಆಗಿದ್ದವರು. ಅದೇ 1913ರಲ್ಲಿ ಇದೇ ಊರಿನಲ್ಲಿ ಬಿ.ವಿ. ಪಂಡಿತರ ಸದ್ವೈದ್ಯಶಾಲೆ ಶುರುವಾಯಿತು. ನಂಜನಗೂಡು ಹಲ್ಲಿನಪುಡಿ ಅಂದರೆ ಅಪ್ಪ ಅಮ್ಮಂದಿರಿಗೆ ತಕ್ಷಣ ನೆನಪಾಗುತ್ತೆ. ಒಂದೇ ವರ್ಷ, ಒಂದೇ ಊರು. ಒಂದು ಕಡೆ ಔಷಧಿ, ಇನ್ನೊಂದು ಕಡೆ ಪುಸ್ತಕ. ಹಲ್ಲಿನಪುಡಿಯನ್ನು ನಮ್ಮ ಗೈಡ್ ಹೇಳಿದರು, ಅಂಗಡಿಯನ್ನೂ ತೋರಿಸಿದರು. ಪುಸ್ತಕ ಹೇಳಲಿಲ್ಲ.

ಇನ್ನು ಸೇತುವೆ. ಕಪಿಲೆಯ ಮೇಲಿನ ಹಳೇ ಸೇತುವೆ ಕಟ್ಟಿದ್ದು 1735ರಲ್ಲಿ, ದಳವಾಯಿ ದೇವರಾಜಯ್ಯ. ಬಂಡಿಗಳಿಗಾಗಿ ಕಟ್ಟಿದ್ದರ ಮೇಲೆ ಮುಂದೆ ರೈಲು ಹಳಿಯೂ ಬಂತು. ಪಕ್ಕದಲ್ಲೇ ರಸ್ತೆ, ಪಕ್ಕದಲ್ಲೇ ರೈಲು, ಎರಡನ್ನೂ ಅದೇ ಕಲ್ಲಿನ ಕಂಬಗಳು ಹೊತ್ತವು. ಬ್ರಾಡ್‌ಗೇಜ್ ಬಂದ ಮೇಲೆ ಹೊಸ ಸೇತುವೆ ಆಯಿತು, ಹಳೆಯದು ಪಾರಂಪರಿಕ ಸೇತುವೆ ಅನ್ನಿಸಿಕೊಂಡು ನಿಂತಿದೆ. ನಮ್ಮ ಕಾರು ಊರೊಳಕ್ಕೆ ಬರುವಾಗ ಗೈಡ್ ಕೈ ತೋರಿಸಿ "ಓಲ್ಡ್ ಬ್ರಿಡ್ಜ್" ಅಂದರು. ಕಾರು ನಿಲ್ಲಲಿಲ್ಲ.

ನಿಲ್ಲಬೇಕಿತ್ತು. ಯಾಕಂದರೆ ಒಂದು ಒಳ್ಳೆ ಪ್ರಶ್ನೆ ಆ ಸೇತುವೆಯ ಮೇಲೇ ಇದೆ. 1735ರಲ್ಲಿ ಮೈಸೂರಿಗೆ ಒಡೆಯರು ಇದ್ದರಲ್ಲ, ಸೇತುವೆಗೆ ದಳವಾಯಿಯ ಹೆಸರು ಹೇಗೆ ಬಂತು? ಆಗ ಸಿಂಹಾಸನದ ಮೇಲೆ ರಾಜರು, ಆದರೆ ಖಜಾನೆ ಮತ್ತು ಸೈನ್ಯ ದಳವಾಯಿಗಳ ಕೈಯಲ್ಲಿ. ಆ ದಳವಾಯಿಗಳ ಊರು ಕಳಲೆ, ನಂಜನಗೂಡಿನ ಪಕ್ಕದಲ್ಲೇ ಇದೆ. ಮುಂದೆ ಹೈದರಾಲಿ ಮೇಲೆ ಬಂದದ್ದು ಇದೇ ದಳವಾಯಿಗಳ ಸೈನ್ಯದೊಳಗಿಂದ. ಅಂದರೆ ಸೇತುವೆಯಿಂದ ಕಳಲೆ, ಕಳಲೆಯಿಂದ ಹೈದರ್, ಹೈದರನಿಂದ ಟಿಪ್ಪು, ಟಿಪ್ಪುವಿನಿಂದ ಪಚ್ಚೆ ಲಿಂಗ. ಇಡೀ ನಂಜನಗೂಡನ್ನು ಒಂದೇ ದಾರದಲ್ಲಿ ಪೋಣಿಸಬಹುದಿತ್ತು. ಪ್ರೈವೇಟ್ ಟೂರ್ ಅಂದರೆ ನನಗೆ ಇದು. ಐವತ್ತು ಮಕ್ಕಳ ಬಸ್ಸು ಕಳಲೆ ಕಡೆ ತಿರುಗೋದು ಕಷ್ಟ. ನಾಲ್ಕು ಜನರ ಕಾರು ತಿರುಗಬಹುದು.

ಅಲ್ಲಿಂದ ಟಿ. ನರಸೀಪುರ. ಕಾವೇರಿ, ಕಪಿಲೆ ಕೂಡುವ ಜಾಗ. ಮೂರನೆಯದು ಸ್ಫಟಿಕ ಸರೋವರ, ಅದು ಗುಪ್ತಗಾಮಿನಿ, ಅದಕ್ಕೇ ತಿರುಮಕೂಡಲು. ಗುಂಜಾ ನರಸಿಂಹಸ್ವಾಮಿ ಬೆರಳ ತುದಿಯಲ್ಲಿ ಒಂದು ಗುಲಗಂಜಿ ಹಿಡಿದಿದ್ದಾನೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅಂತ ನಂಬಿಕೆ. ಇದು ನನಗೆ ತುಂಬಾ ಇಷ್ಟವಾದ ಕತೆ. ಜಾಸ್ತಿ ಜಂಬ ಕೊಚ್ಚದೆ, ಒಂದೇ ಗುಲಗಂಜಿ ಮೇಲು ಅನ್ನುವ ಆ ಹಳ್ಳಿ ಮರ್ಯಾದೆ ನೋಡಿ.

ಆದರೆ ಸಂಗಮದ ಹತ್ತಿರ ನಿಂತು ಗೈಡ್ ಹೇಳಿದ್ದು: "ಇಲ್ಲಿ ಕುಂಭಮೇಳ ಅನಾದಿ ಕಾಲದಿಂದ ನಡ್ಕೊಂಡ್ ಬಂದದೆ." ಸಂಗಮದ ಪುಣ್ಯಸ್ನಾನ ಹಳೆಯದು, ಒಪ್ಪೋಣ. ಕುಂಭಮೇಳ ಶುರುವಾದದ್ದು 1989ರಲ್ಲಿ, ಮೂರು ವರ್ಷಕ್ಕೊಮ್ಮೆ ಅಂತ. ಈ ಅಂಕಣ ಓದುತ್ತಿರುವ ಕೆಲವರಿಗಿಂತ ಅದು ಚಿಕ್ಕದು. ಹೊಸದಾಗಿದ್ದರೆ ಅದಕ್ಕೇನೂ ಕೊರತೆಯಿಲ್ಲ. ನಮ್ಮ ಕಣ್ಣೆದುರೇ ಒಂದು ಸಂಪ್ರದಾಯ ಹೇಗೆ ಹುಟ್ಟಿ ಬೆಳೆಯುತ್ತೆ ಅನ್ನೋದೇ ಕೇಳಬೇಕಾದ ಕತೆ. ಅದನ್ನು 'ಅನಾದಿ' ಅಂದುಬಿಟ್ಟರೆ ಆ ಕತೆ ಸತ್ತಿತು.

ಹಾಗಂತ ಅಲ್ಲಿ ನಿಜವಾಗಿಯೂ ಪುರಾತನವಾದದ್ದು ಇಲ್ಲವೇ? ಇದೆ. 1960ರ ಆಸುಪಾಸಿನಲ್ಲಿ ಪುರಾತತ್ವಜ್ಞ ಎಂ. ಶೇಷಾದ್ರಿ ಅವರ ನೇತೃತ್ವದಲ್ಲಿ ಇದೇ ನದಿ ದಂಡೆಯಲ್ಲಿ ಉತ್ಖನನ ನಡೆಯಿತು. ನವಶಿಲಾಯುಗದ ಜನ ಇಲ್ಲಿದ್ದರು, ಮೂರು ಸಾವಿರ ವರ್ಷಕ್ಕೂ ಹಿಂದೆ. ಕಲ್ಲು ಉಜ್ಜಿ ಕೊಡಲಿ ಮಾಡಿಕೊಂಡವರು, ಸತ್ತವರನ್ನು ಇಲ್ಲೇ ಹೂಳಿದವರು. ಎರಡು ಹೊಳೆ ಕೂಡುವ ಜಾಗ ಒಳ್ಳೇದು ಅಂತ ಯಾವ ಪುರಾಣವೂ ಹೇಳುವ ಮುಂಚೆ ಅವರಿಗೆ ಗೊತ್ತಿತ್ತು. ನಮ್ಮ ಟೂರಿನಲ್ಲಿ 1989ಕ್ಕೆ 'ಅನಾದಿ' ಅನ್ನೋ ಪಟ್ಟ ಸಿಕ್ಕಿತು, ಆ ಜನಕ್ಕೆ ಒಂದು ನಿಮಿಷವೂ ಸಿಗಲಿಲ್ಲ.

ಸೋಮನಾಥಪುರದಲ್ಲಿ ಅದೇ ಗೈಡ್ ಬೇರೆ ಮನುಷ್ಯರಾದರು. ಶಿಲ್ಪದ ಕೆಳಗೆ ಕೂತು, ಬೆರಳು ಇಟ್ಟು, "ನೋಡಿ, ಇದು ಮಲ್ಲಿತಮ್ಮನ ಸೈನು" ಅಂದರು. ಹಳಗನ್ನಡ ಅಕ್ಷರ ಒಂದೊಂದಾಗಿ ಓದಿಸಿದರು. ನಮ್ಮಲ್ಲೊಬ್ಬಳು ಇಡೀ ದಿನ ಫೋನ್ ನೋಡುತ್ತಿದ್ದವಳು ಅದನ್ನು ಪಕ್ಕಕ್ಕಿಟ್ಟಳು. ಹೊಯ್ಸಳ ಕಾಲದ ಒಬ್ಬ ಕೆಲಸಗಾರನ ಹೆಸರನ್ನು ನಾವೇ ಓದಿದ್ದು, ಯಾರೋ ಹೇಳಿದ್ದಲ್ಲ. ಅಲ್ಲಿ 'ಅಂತೆ' ಬೇಕಾಗಿರಲಿಲ್ಲ, ಕಲ್ಲೇ ಹೇಳುತ್ತಿತ್ತು. ಹಾಗಾಗಿ ಗೈಡ್‌ಗೆ ಬರೋದಿಲ್ಲ ಅನ್ನುವ ಮಾತು ಸುಳ್ಳು. ಅವರಿಗೆ ಬರುತ್ತೆ.

ಮತ್ತೆ ಬೆಳಿಗ್ಗೆ ಯಾಕೆ ಹಾಗೆ? ಕಾರಿನಲ್ಲಿ ವಾಪಸ್ ಬರುವಾಗ ಬದನವಾಳು ವಿಷಯ ಕೇಳಿದೆ. ನಂಜನಗೂಡು ತಾಲ್ಲೂಕಿನ ಆ ಊರಿನ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧಿ ಬಂದಿದ್ದರು. ಅದೇ ಊರಿನಲ್ಲಿ 1993ರಲ್ಲಿ ದೇವಸ್ಥಾನ ಪ್ರವೇಶದ ಜಗಳದ ಬೆನ್ನಿಗೇ ಮೂವರು ದಲಿತರ ಕೊಲೆಯಾಯಿತು. ಗೈಡ್‌ಗೆ ಎರಡೂ ಗೊತ್ತಿತ್ತು. ನನಗಿಂತ ಚೆನ್ನಾಗಿ ಗೊತ್ತಿತ್ತು. "ಹೇಳ್ಬೋದು ಸಾರ್. ಆದ್ರೆ ಜನ ರಜಾ ದಿನ ಬಂದಿರ್ತಾರೆ. ಮೂಡ್ ಹಾಳಾದ್ರೆ ಕೆಳಗಡೆ ಕಾಮೆಂಟ್ ಬರೀತಾರೆ. ಆಮೇಲೆ ಏಜೆನ್ಸಿಯವ್ರು ಕರಿಯಲ್ಲ" ಅಂದರು. ಅವರದು ದಿನಗೂಲಿ ಲೆಕ್ಕ. ಟೂರ್ ಇದ್ದ ದಿನ ಸಂಪಾದನೆ, ಇಲ್ಲದ ದಿನ ಇಲ್ಲ.

ಈ ಟೂರಿನ ಸ್ಕ್ರಿಪ್ಟ್ ಬರೆದವರು ಯಾರು ಅನ್ನೋದು ನನಗೆ ಆಗ ಅರ್ಥವಾಯಿತು. ನಾವೇ. ಐದು ಸ್ಟಾರು, ನಾಲ್ಕು ಸ್ಟಾರು ಅಂತ ಒತ್ತುವ ನಮ್ಮ ಹೆಬ್ಬೆರಳು. ನಗಿಸಿದವರಿಗೆ ಐದು, ಯೋಚನೆಗೆ ಹಚ್ಚಿದವರಿಗೆ 'ಸ್ವಲ್ಪ ಬೋರ್' ಅಂತ ಮೂರು ಕೊಟ್ಟರೆ ಯಾವ ಗೈಡ್ ತಾನೇ ಕಳಲೆಗೆ ಕಾರು ತಿರುಗಿಸುತ್ತಾರೆ? ಆನೆಯ ಕತೆ ಸೇಫ್. ಅದಕ್ಕೆ ಯಾರೂ ಸ್ಟಾರ್ ಕಡಿಮೆ ಮಾಡೋದಿಲ್ಲ.

ಬದನವಾಳನ್ನು ಒಂದು 'ಸ್ಪಾಟ್' ಮಾಡಿ ಸೆಲ್ಫಿ ತೆಗೆದುಕೊಳ್ಳಬೇಕು ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಬೇಡ. ಆದರೆ ದೊಡ್ಡ ದೇವಸ್ಥಾನದ ಬಾಗಿಲಲ್ಲಿ ನಿಂತು ಗೋಪುರದ ಎತ್ತರ ಹೇಳುವಾಗ, ಇದೇ ಸೀಮೆಯಲ್ಲಿ ಮೊನ್ನೆ ಮೊನ್ನೆಯವರೆಗೂ ದೇವಸ್ಥಾನದ ಬಾಗಿಲು ಯಾರಿಗೆ ಮುಚ್ಚಿತ್ತು ಅನ್ನೋದನ್ನೂ ಒಂದು ವಾಕ್ಯದಲ್ಲಿ ಹೇಳಿದರೆ ಊರಿನ ಮರ್ಯಾದೆ ಕಮ್ಮಿಯಾಗೋದಿಲ್ಲ. ಕೇಳಿದ ನಮ್ಮ ತಿಳಿವಳಿಕೆ ಜಾಸ್ತಿಯಾಗುತ್ತೆ.

ಆದ್ದರಿಂದ ಮುಂದಿನ ವೀಕೆಂಡ್ ನೀವು ಆ ಕಡೆ ಹೋಗುವುದಾದರೆ ಪ್ರೈವೇಟ್ ಟೂರೇ ತಗೊಳ್ಳಿ, ನಾನು ಬೇಡ ಅನ್ನೋದಿಲ್ಲ. ಬುಕ್ ಮಾಡುವಾಗಲೇ ಗೈಡ್ ಹತ್ತಿರ ಫೋನಿನಲ್ಲಿ ಮಾತಾಡಿ. ಹಳೇ ಸೇತುವೆ ಹತ್ತಿರ ಅರ್ಧ ಗಂಟೆ ನಿಲ್ಲಬೇಕು ಅನ್ನಿ. ತಿರುಮಲಾಂಬಾ ಬಗ್ಗೆ ಹೇಳ್ತೀರಾ ಅಂತ ಕೇಳಿ. ಗೊತ್ತಿಲ್ಲದಿದ್ದರೆ ಓದಿಕೊಂಡು ಬರುತ್ತಾರೆ, ಅವರದು ಅದೇ ಕಸುಬು. ಕತೆ ಬಂದಾಗ "ಇದು ನಡೆದದ್ದಾ, ಇಲ್ಲಾ 'ಅಂತೆ'ನಾ?" ಅಂತ ನಗುತ್ತಲೇ ಕೇಳಿ. ಸಂಜೆ ಸ್ಟಾರ್ ಕೊಡುವಾಗ ಎಸಿ ವಿಷಯ ಬಿಟ್ಟು ಈ ಮಾತು ಬರೆಯಿರಿ: ಇವರು ನಮಗೆ ಕಳಲೆ ತೋರಿಸಿದರು, ಕೇಳಿದ ಪ್ರಶ್ನೆಗೆಲ್ಲ ಉತ್ತರ ಹೇಳಿದರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರು. ಅಂಥ ನಾಲ್ಕು ಕಾಮೆಂಟ್ ಬಿದ್ದರೆ ಏಜೆನ್ಸಿಯವರು ಅಂಥ ಗೈಡನ್ನೇ ಮತ್ತೆ ಕರೆಯುತ್ತಾರೆ.